ಉಸಿರೂ ಕಟ್ಟುವ, ನಿದ್ದೆಯೂ ಹತ್ತದ ರಾತ್ರಿಗಳಿಗೆ: ನಾನು ಬಳಸಿ ನೋಡಿದ್ದು

ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ಕಾಯಿಲೆ, ಇದ್ದವರೆಲ್ಲ ಕೂತಲ್ಲೇ ತೂಕಡಿಸುತ್ತಾರೆ ಅಂತ ಜನ ತಿಳಿದಿದ್ದಾರೆ. ನನ್ನಂಥವರಿಗೆ ಹಾಗಲ್ಲ. ಮಲಗಿದರೆ ನಿದ್ದೆ ಹತ್ತುವುದಿಲ್ಲ, ಹತ್ತಿದರೆ ಉಸಿರು ಕಟ್ಟಿ ಎಚ್ಚರ. ಈ ಜೋಡಿ ಕಾಯಿಲೆಯನ್ನು ವೈದ್ಯರು 1973ರಲ್ಲೇ ಗುರುತಿಸಿದ್ದರು. ಈಗ ಅದಕ್ಕೆ ಕೊಮೀಸಾ ಎಂಬ ಹೆಸರಿದೆ. ನಿದ್ದೆಯಲ್ಲಿನ ಉಸಿರಾಟವನ್ನು ಅಳೆಯುವ ಪರೀಕ್ಷೆಯಲ್ಲಿ, ಅಂದರೆ ಸ್ಲೀಪ್ ಸ್ಟಡಿಯಲ್ಲಿ, ನನಗೆ ಬಂದದ್ದು ಮಧ್ಯಮ ಹಂತ, ಅಂದರೆ ಗಂಟೆಗೆ 15ರಿಂದ 30 ಸಲ ಉಸಿರಾಟಕ್ಕೆ ತಡೆ.

ಮೊದಲು ಸಿಪ್ಯಾಪ್, ಅಂದರೆ ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಊದಿ ಗಂಟಲಿನ ದಾರಿ ಮುಚ್ಚದಂತೆ ನೋಡಿಕೊಳ್ಳುವ ಯಂತ್ರ. ಮೂಗು, ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಬಾಯಲ್ಲಿ ಉಸಿರಾಡುವವರಿಗೆ, ಮೂಗು ಕಟ್ಟುವವರಿಗೆ ಒಳ್ಳೆಯದು. ಆದರೆ ನಿದ್ದೆ ಬಾರದವರು ಸುಮ್ಮನೆ ಮಲಗಿರುವುದಿಲ್ಲ, ಹೊರಳುತ್ತಲೇ ಇರುತ್ತಾರೆ. ನಾನು ಮಗ್ಗುಲಾದಾಗೆಲ್ಲ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ನೇಸಲ್ ಪಿಲ್ಲೋ ಹಗುರ, ಹಾಕಿಕೊಂಡೇ ಕನ್ನಡಕ ಇಟ್ಟು ಓದಬಹುದು. ನೆಗಡಿಯಾದಾಗ ಅದರಿಂದ ಪ್ರಯೋಜನವಿಲ್ಲ, ಶುರುವಿನಲ್ಲಿ ಹೊಳ್ಳೆ ಉರಿಯುತ್ತದೆ. ಆದರೂ ನನ್ನ ಆಯ್ಕೆ ಅದೇ.

ಮಾಸ್ಕಿನಷ್ಟೇ ಮುಖ್ಯವಾದದ್ದು ರ‍್ಯಾಂಪ್. ಯಂತ್ರ ಕಡಿಮೆ ಒತ್ತಡದಲ್ಲಿ ಶುರುವಾಗಿ ನಿಧಾನಕ್ಕೆ ಏರುತ್ತದೆ. ಬೇಗ ನಿದ್ದೆ ಬರುವವರಿಗೆ ಅಷ್ಟು ಸಾಕು. ನಮಗೆ ಇಪ್ಪತ್ತು ನಿಮಿಷದ ರ‍್ಯಾಂಪ್ ಮುಗಿದರೂ ಕಣ್ಣು ಬಿಟ್ಟೇ ಇರುತ್ತದೆ, ಪೂರ್ತಿ ಒತ್ತಡದ ಗಾಳಿ ಎದುರು ಇನ್ನೆಲ್ಲಿಯ ನಿದ್ದೆ! ನಿದ್ದೆ ಹತ್ತುವವರೆಗೂ ಕಾದು ಆಮೇಲೆ ಒತ್ತಡ ಏರಿಸುವ ಯಂತ್ರಗಳಿವೆ. ಕೊಳ್ಳುವ ಮೊದಲು ಇದನ್ನು ಕೇಳಿಯೇ ಕೊಳ್ಳಿ. 1981ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಸಿಪ್ಯಾಪ್ ಚಿಕಿತ್ಸೆಯನ್ನು ಪ್ರಕಟಿಸುವ ಮೊದಲು, ಕಾಯಿಲೆ ತೀವ್ರವಾದವರಿಗೆ ಉಸಿರಾಡಲು ಗಂಟಲಿಗೆ ರಂಧ್ರ ಮಾಡಬೇಕಾಗುತ್ತಿತ್ತು. ಅದನ್ನು ನೆನೆದಾಗ ಈ ಕೊಳವೆಯ ಮೇಲೆ ನನಗೆ ಗೌರವ ಮೂಡುತ್ತದೆ.

ಹಲ್ಲಿನ ಡಾಕ್ಟರು ಅಚ್ಚು ತೆಗೆದು ಮಾಡಿಕೊಡುವ, ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನಕ್ಕೆ ಸದ್ದಿಲ್ಲ, ಕರೆಂಟೂ ಬೇಡ. ಮಲೆನಾಡಿನ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ. ಉಸಿರಿನ ತಡೆಯನ್ನು ಸಾಮಾನ್ಯವಾಗಿ ಸಿಪ್ಯಾಪ್‌ನಷ್ಟು ತಗ್ಗಿಸುವುದಿಲ್ಲ. ಬೆಳಿಗ್ಗೆ ದವಡೆ ನೋಯುತ್ತದೆ, ತಿಂಡಿ ಅಗಿಯುವಾಗ ಹಲ್ಲಿಗೆ ಹಲ್ಲು ಕೂರುವುದಿಲ್ಲ.

ನಿದ್ದೆ ಮಾತ್ರೆ ಕೆಲವು ದಿನ ಡಾಕ್ಟರು ಹೇಳಿದಂತೆ ತೆಗೆದುಕೊಂಡೆ. ಮಲಗಿದೆ, ಆದರೆ ಬೆಳಿಗ್ಗೆ ತಲೆ ಭಾರ. ಕೆಲವು ಬಗೆಯ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸಿ ಉಸಿರಿನ ತಡೆಯನ್ನು ಹೆಚ್ಚಿಸಬಹುದು. ಆಪ್ನಿಯಾ ಇರುವುದನ್ನು ಹೇಳದೆ ಮೆಡಿಕಲ್ ಶಾಪಿನಿಂದ ದಯವಿಟ್ಟು ತರಬೇಡಿ.

ನಿದ್ದೆಯ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕೊಟ್ಟದ್ದು ಸಿಬಿಟಿ-ಐ, ಅಂದರೆ ನಿದ್ದೆಯ ಅಭ್ಯಾಸ, ಯೋಚನೆಗಳನ್ನು ತಿದ್ದುವ ಮಾತ್ರೆಯಿಲ್ಲದ ಚಿಕಿತ್ಸೆ. ಯಂತ್ರದ ಲೆಕ್ಕದಲ್ಲಿ ತಡೆ ಗಂಟೆಗೆ 5ಕ್ಕಿಂತ ಕೆಳಗಿಳಿದ ಮೇಲೂ ನಡುರಾತ್ರಿ ಎಚ್ಚರವಾಗುತ್ತಿತ್ತು, ಹಾಸಿಗೆ ಕಂಡರೇ ಮನಸ್ಸು ಬಿಗಿಯುತ್ತಿತ್ತು. ಇಲ್ಲಿನ ನಿಯಮಗಳು ಕಠಿಣ: ಕಣ್ಣು ಎಳೆದಾಗ ಮಾತ್ರ ಮಲಗಬೇಕು, ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು, ರಾತ್ರಿ ಹೇಗೇ ಕಳೆದಿರಲಿ ಏಳುವ ಹೊತ್ತು ಒಂದೇ. ಹಾಸಿಗೆಯ ಮೇಲಿರುವ ಅವಧಿಯನ್ನೂ ಮೊದಮೊದಲು ಮೊಟಕು ಮಾಡುತ್ತಾರೆ, ಹಗಲು ಕಣ್ಣು ಕೂರುತ್ತದೆ. ಆ ವಾರಗಳಲ್ಲಿ ನಾನು ಸ್ಕೂಟರ್ ಮುಟ್ಟಲಿಲ್ಲ. ಆಪ್ನಿಯಾ ಇರುವವರು ಇದನ್ನು ತಿಳಿದವರ ಉಸ್ತುವಾರಿಯಲ್ಲೇ ಮಾಡಬೇಕು.

ಈಗ ನನಗೆ ದಿನವೂ ನೇಸಲ್ ಪಿಲ್ಲೋ, ಜೊತೆಗೆ ಸಿಬಿಟಿ-ಐ ನಿಯಮಗಳು. ಕರೆಂಟ್ ಹೋದ ರಾತ್ರಿಗೆ, ಪ್ರಯಾಣಕ್ಕೆ ದವಡೆಯ ಸಾಧನ. ಅದನ್ನೇ ನಂಬುವವರು, ಹಾಕಿಕೊಂಡೇ ಮತ್ತೊಮ್ಮೆ ಸ್ಲೀಪ್ ಸ್ಟಡಿ ಮಾಡಿಸಿ. ಗೊರಕೆ ನಿಂತ ಮಾತ್ರಕ್ಕೆ ಉಸಿರು ಸರಿಯಾಗಿದೆ ಎನ್ನಲಾಗದು.