ಬೆಂಕಿಪೊಟ್ಟಣದಂಥ ಕಾರು: ಯೋಕೊಸುಕಾದಲ್ಲಿ ಎರಡು ವರ್ಷ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ಹೊಸ ಕಾರಿನ ವಿಮರ್ಶೆ ಅಲ್ಲ. ನಾವು ಕೊಂಡಾಗಲೇ ಇದಕ್ಕೆ 12 ವರ್ಷ ತುಂಬಿತ್ತು. ನಮಗಿಂತ ಮುಂಚೆ ಮೂರು ಮನೆಯವರು ಓಡಿಸಿದ್ದರಂತೆ. ಎಡಗಡೆ ಬಾಗಿಲಿನ ಮೇಲೆ ಯಾರೋ ಗೋಡೆಗೆ ಉಜ್ಜಿದ ಗೀರು. ಹಿಂದಿನ ಕಿಟಕಿಯಲ್ಲಿ ಯಾರದೋ ಮಗು ಅಂಟಿಸಿ ಹೋದ ಡೈನೋಸಾರ್ ಸ್ಟಿಕ್ಕರ್. ಕಂಪನಿಯ ಹೆಸರು ಬರೆಯುವುದಿಲ್ಲ, ಯಾಕಂದ್ರೆ ಮುಂದೆ ಸ್ವಲ್ಪ ಬೈಯುವುದೂ ಇದೆ.

ಜಪಾನಿನಲ್ಲಿ ‘ಕೇ’ ಕಾರು ಅಂತಾರಲ್ಲ, ಆ ಜಾತಿಯದು. ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿಸಿ. ಇದಕ್ಕಿಂತ ಒಂದು ಚೂರು ಜಾಸ್ತಿಯಾದರೂ ಕಾನೂನಿನ ಪ್ರಕಾರ ಅದು ಕೇ ಅಲ್ಲ. ನಾಲ್ಕು ಜನ ಕೂರಬಹುದು. ನಾಲ್ಕನೆಯವರು ಉಸಿರು ಬಿಗಿ ಹಿಡಿದು ಕೂರಬೇಕು, ಅಷ್ಟೇ.

ನಮ್ಮವರು ಅಮೆರಿಕದ ನೌಕಾಪಡೆಯಲ್ಲಿದ್ದಾರೆ. ಜಪಾನಿನ ಯೋಕೊಸುಕಾದಲ್ಲಿರುವ ಅವರ ನೌಕಾನೆಲೆಗೆ (ನಮ್ಮೆಲ್ಲರ ಬಾಯಲ್ಲಿ ಅದು ‘ಬೇಸ್’) ವರ್ಗ ಅಂತ ಆದೇಶ ಬಂದಾಗ ಇವರಿಗೆ ಆದ ಮೊದಲ ಚಿಂತೆ ಮನೆಯದಲ್ಲ, ನನ್ನದೂ ಅಲ್ಲ, ಪಿಕಪ್ ಟ್ರಕ್ಕಿನದು. ಜಪಾನಿಗೆ ಹೋಗುವವರ ಕಾರನ್ನು ಸರ್ಕಾರ ಸಾಮಾನ್ಯವಾಗಿ ಸಾಗಿಸಿಕೊಡುವುದಿಲ್ಲ. ಅಮೆರಿಕದಲ್ಲೇ ಗೋದಾಮಿನಲ್ಲಿ ಇಟ್ಟುಕೊಳ್ಳುತ್ತದೆ. ಅದನ್ನು ಬಿಟ್ಟು ಬರುವ ದಿನ ಇವರು ಬಾನೆಟ್ ಸವರಿದ್ದನ್ನು ನಾನು ನೋಡಲಿಲ್ಲ ಅಂದುಕೊಂಡಿದ್ದಾರೆ.

ಬಂದ ಹೊಸದರಲ್ಲಿ ಬೇಸಿನ ಒಳಗಿನ ವಸತಿಗೃಹದಲ್ಲಿದ್ದೆವು. ಸಾಮಾನುಗಳು ಇನ್ನೂ ಹಡಗಿನಲ್ಲಿ. ಎಲ್ಲಿಗೆ ಹೋದರೂ ನಡಿಗೆ. ಬೇಸಿನೊಳಗೆ ಅಂಗಡಿ ಇದೆ, ಆಸ್ಪತ್ರೆ ಇದೆ, ಶಾಲೆ ಇದೆ, ಸಿನಿಮಾ ಇದೆ, ಡಾಲರ್ ನಡೆಯುತ್ತದೆ. ಗೇಟು ದಾಟದೆ ಮೂರು ವರ್ಷ ಕಳೆಯಬಹುದು. ಹಾಗೆ ಕಳೆದವರೂ ಇದ್ದಾರೆ. ನಾನೂ ಮೂರನೇ ವಾರಕ್ಕೆ ಅದೇ ಗುಂಪಿಗೆ ಸೇರುತ್ತಿದ್ದೆ. ಗೇಟಿನ ಆಚೆ ರಾಷ್ಟ್ರೀಯ ಹೆದ್ದಾರಿ 16, ಅದರಾಚೆ ಇಡೀ ಊರು. ನಾನು ಮಾತ್ರ ಗೇಟಿನ ಈಚೆ ಕಾಫಿ ಹಿಡಿದು ನಿಂತಿರುತ್ತಿದ್ದೆ.

ಕಾರು ಸಿಕ್ಕಿದ್ದು ಲೆಮನ್ ಲಾಟ್‌ನಲ್ಲಿ. ಊರು ಬಿಡುವವರು ತಮ್ಮ ಕಾರಿಗೆ ಬೆಲೆ ಬರೆದ ಚೀಟಿ ಅಂಟಿಸಿ ನಿಲ್ಲಿಸುವ ಜಾಗ ಅದು. ಅಮೆರಿಕದವರ ಮಾತಿನಲ್ಲಿ ಲೆಮನ್ ಅಂದರೆ ಕೈಕೊಡುವ ಕಾರು. ಮಾರುವ ಜಾಗಕ್ಕೇ ಆ ಹೆಸರಿಟ್ಟುಕೊಂಡಿರುವುದು ನನಗೆ ಇಷ್ಟವಾಯಿತು. ಕನಿಷ್ಠ ಪ್ರಾಮಾಣಿಕತೆ ಇದೆ ಅಲ್ವಾ? ಚೀಟಿಯಲ್ಲಿ 1,600 ಡಾಲರ್ ಅಂತಿತ್ತು. ಚೌಕಾಸಿ ಮಾಡಿದೆ, 1,450ಕ್ಕೆ ಬಂದರು. ಅವರ ವಿಮಾನ ನಾಲ್ಕೇ ದಿನದಲ್ಲಿತ್ತು. ದೇಶ ಬಿಡುವ ಮೊದಲು ಕಾರನ್ನು ಯಾರದಾದರೂ ಹೆಸರಿಗೆ ಮಾಡಲೇಬೇಕು, ಇಲ್ಲವೇ ಗುಜರಿಗೆ ಹಾಕಿ ನೋಂದಣಿ ರದ್ದು ಮಾಡಿಸಬೇಕು. ಹಾಗಾಗಿ ಕೊಳ್ಳುವವರಿಗೆ ಒಂದು ಮಾತು: ಮಾರುವವರ ಟಿಕೆಟ್ ತಾರೀಖು ಕೇಳಿಕೊಂಡು ಆಮೇಲೆ ಬೆಲೆ ಮಾತಾಡಿ.

ಇನ್ನೊಂದು ಮಾತು, ಇದು ಮೇಲಿನದಕ್ಕಿಂತ ಮುಖ್ಯ. ಎಷ್ಟು ಕಿಲೋಮೀಟರ್ ಓಡಿದೆ ಅಂತ ನೋಡುವ ಮೊದಲು ಜೆಸಿಐ ಎಷ್ಟು ತಿಂಗಳು ಉಳಿದಿದೆ ನೋಡಿ. ಜಪಾನಿನವರು ಶಾಕೆನ್ ಅನ್ನುವ ತಪಾಸಣೆಯೇ ಇದು. ಹಳೆಯ ಕಾರಿಗೆ ಎರಡು ವರ್ಷಕ್ಕೊಮ್ಮೆ ಮಾಡಿಸಬೇಕು. ದೀಪ, ಬ್ರೇಕು, ಹೊಗೆ ಎಲ್ಲ ನೋಡುತ್ತಾರೆ, ಕಡ್ಡಾಯ ವಿಮೆಯೂ ಅದರ ಜೊತೆಗೇ. ನಮ್ಮದಕ್ಕೆ 14 ತಿಂಗಳು ಉಳಿದಿತ್ತು. ಪಕ್ಕದಲ್ಲೇ 900 ಡಾಲರಿನ ಹೊಳೆಯುವ ಕಾರು ನಿಂತಿತ್ತು, ಅದಕ್ಕೆ ಉಳಿದದ್ದು ಐದು ವಾರ. ಇವರು ಅದರ ಹತ್ತಿರವೇ ಸುಳಿದಾಡುತ್ತಿದ್ದರು. ಕೈ ಹಿಡಿದು ಎಳೆದುಕೊಂಡು ಬಂದೆ.

ನಂಬರ್ ಪ್ಲೇಟಿನ ವಿಷಯವೂ ಹೇಳಬೇಕು. ಜಪಾನಿನ ಕಾರುಗಳಲ್ಲಿ ಸಂಖ್ಯೆಯ ಪಕ್ಕ ಜಪಾನಿ ಅಕ್ಷರ ಇರುತ್ತದೆ. ಅಮೆರಿಕದ ಸೇನೆಯವರ ಕಾರಿಗೆ ಆ ಜಾಗದಲ್ಲಿ ಇಂಗ್ಲಿಷ್ ಅಕ್ಷರ. ದೊಡ್ಡ ಕಾರುಗಳಿಗೆ ಸಾಮಾನ್ಯವಾಗಿ ವೈ, ಅದಕ್ಕೇ ಎಲ್ಲರೂ ವೈ ಪ್ಲೇಟ್ ಅನ್ನುತ್ತಾರೆ. ಜಪಾನಿನಲ್ಲಿರುವ ಅಮೆರಿಕದ ಸೇನೆಯವರಿಗೆ ಯಾವ ನಿಯಮ ಅಂತ 1960ರಲ್ಲಿ ಎರಡು ದೇಶಗಳು ಮಾಡಿಕೊಂಡ ಒಪ್ಪಂದದಿಂದಾಗಿ (ಅದರ ಇಂಗ್ಲಿಷ್ ಹೆಸರಿನ ಚಿಕ್ಕ ರೂಪ ‘ಸೋಫಾ’) ನಮಗೆ ಬೇರೆ ಲೈಸೆನ್ಸು, ಕಡಿಮೆ ರಸ್ತೆ ತೆರಿಗೆ. ಅದರ ಜೊತೆಗೆ ಊರಲ್ಲಿ ಎಲ್ಲಿ ತಪ್ಪಾಗಿ ನಿಲ್ಲಿಸಿದರೂ ‘ಬೇಸಿನವರದು’ ಅಂತ ದೂರದಿಂದಲೇ ಗೊತ್ತಾಗುತ್ತದೆ. ನಾನು ಇಷ್ಟು ಶಿಸ್ತಾಗಿ ಯಾವ ದೇಶದಲ್ಲೂ ಗಾಡಿ ಓಡಿಸಿಲ್ಲ.

ಲೈಸೆನ್ಸಿನ ಬರಹದ ಪರೀಕ್ಷೆಗೆ ಇಬ್ಬರೂ ಒಟ್ಟಿಗೆ ಓದಿದೆವು. ಕೆಂಪು ದೀಪ ಇದ್ದರೆ ಎಡಕ್ಕೂ ತಿರುಗುವ ಹಾಗಿಲ್ಲ. ರೈಲ್ವೆ ಕ್ರಾಸಿಂಗ್‌ನಲ್ಲಿ ಗೇಟು ತೆರೆದಿದ್ದರೂ ಪೂರ್ತಿ ನಿಲ್ಲಬೇಕು. ನಿಲ್ಲುವ ಬೋರ್ಡು ಎಂಟು ಮೂಲೆಯದಲ್ಲ, ತಲೆಕೆಳಗಾದ ಕೆಂಪು ತ್ರಿಕೋನ. ಕುಡಿದು ಓಡಿಸಿದರೆ ಪಕ್ಕದಲ್ಲಿ ಕೂತವರಿಗೂ ಶಿಕ್ಷೆ. ನಾನು ಎಡಗಡೆ ಓಡಿಸಿಯೇ ಕಲಿತವಳು, ನನಗೆ ಎರಡು ದಿನ ಸಾಕಾಯಿತು. ಇವರು ಬೆಳೆದದ್ದೆಲ್ಲ ಅಮೆರಿಕದಲ್ಲಿ. ಇಲ್ಲಿಯ ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಬಲಗಡೆ, ವೈಪರ್ ಎಡಗಡೆ. ಮೊದಲ ತಿಂಗಳು ಪ್ರತಿ ತಿರುವಿನಲ್ಲೂ ಬಿಸಿಲಲ್ಲಿ ನಮ್ಮ ವೈಪರ್ ಕುಣಿಯುತ್ತಿತ್ತು.

“ರೀ, ಮಳೆ ಬರ್ತಾ ಇಲ್ಲ.”

“ಗೊತ್ತು ಕಣೇ, ಸುಮ್ನಿರು.”

ಕಾರಿನ ಒಳಗೆ ಎಲ್ಲವೂ ಜಪಾನಿಯಲ್ಲೇ ಇದೆ. ಹಿಂದಿನವರ ಪೈಕಿ ಯಾರೋ ಪುಣ್ಯಾತ್ಮರು ಗುಂಡಿಗಳ ಪಕ್ಕ ಸಣ್ಣ ಟೇಪು ಹಚ್ಚಿ ಪೆನ್ನಿನಲ್ಲಿ ಇಂಗ್ಲಿಷ್ ಬರೆದಿದ್ದಾರೆ. ‘ಮಂಜು ತೆಗೆಯಲು’, ‘ಕನ್ನಡಿ’, ಆಮೇಲೆ ಒಂದು ಗುಂಡಿಗೆ ಬರೀ ‘ಬೇಡ’. ಅದನ್ನು ನಾವು ಇವತ್ತಿಗೂ ಒತ್ತಿಲ್ಲ. ಪೆಟ್ರೋಲ್ ಮುಚ್ಚಳದ ಒಳಗೆ ದೊಡ್ಡದಾಗಿ ‘ಕೆಂಪು ಮಾತ್ರ!!’ ಅಂತ ಇದೆ. ಹೊರಗಿನ ಬಂಕಿಗೆ ಹೋದ ದಿನ ಅದರ ಬೆಲೆ ತಿಳಿಯಿತು. ಇಲ್ಲಿ ಸಾದಾ ಪೆಟ್ರೋಲಿಗೆ ಕೆಂಪು ಪೈಪು, ದುಬಾರಿ ಪೆಟ್ರೋಲಿಗೆ ಹಳದಿ, ಡೀಸೆಲಿಗೆ ಹಸಿರು. ಟೇಪು ಇಲ್ಲದಿದ್ದರೆ ನಾನು ಹಸಿರಿಗೇ ಕೈ ಹಾಕುತ್ತಿದ್ದೆ. ಟ್ಯಾಂಕು ತುಂಬಿದರೂ 30 ಲೀಟರ್. ಬೇಸಿನ ಬಂಕಿನಲ್ಲಿ ಗ್ಯಾಲನ್ ಲೆಕ್ಕ, ಎಂಟು ಗ್ಯಾಲನ್ ಕೂಡ ಹಿಡಿಯುವುದಿಲ್ಲ. ಮೀಟರ್ ಅಷ್ಟು ಬೇಗ ನಿಂತದ್ದು ನೋಡಿ ಇವರು ಪೈಪು ಕೆಟ್ಟಿದೆ ಅಂದುಕೊಂಡಿದ್ದರು.

ಕೀಲಿ ತಿರುಗಿಸಿದ ಕೂಡಲೇ ಒಬ್ಬ ಹೆಂಗಸು ಬಹಳ ಮೃದುವಾಗಿ ಏನೋ ಹೇಳುತ್ತಾಳೆ. ಶುಭಾಶಯ ಇರಬೇಕು ಅಂತ ನಾನೂ ದಿನಾ ‘ಓಹಾಯೋ’ ಅನ್ನುತ್ತಿದ್ದೆ. ಎರಡು ತಿಂಗಳಾದ ಮೇಲೆ ಫೋನಿನ ಅನುವಾದ ಆ್ಯಪ್ ಸ್ಪೀಕರಿಗೆ ಹಿಡಿದು ನೋಡಿದರೆ, ‘ಇಟಿಸಿ ಕಾರ್ಡ್ ಹಾಕಿಲ್ಲ’ ಅಂತ. ಟೋಲ್ ಕಾರ್ಡಿನ ದೂರು! ಈಗಲೂ ನಾವು ಕಾರ್ಡು ಮಾಡಿಸಿಲ್ಲ. ಇವರ ಹಡಗು ಹೊರಟ ಮೇಲೆ ಬೆಳಿಗ್ಗೆ ಎದ್ದು ಕೇಳುವ ಮೊದಲ ದನಿ ಅವಳದೇ ಆಗಿತ್ತು. ಬಾಯಿ ಮುಚ್ಚಿಸಲು ಮನಸ್ಸು ಬರಲಿಲ್ಲ.

ಈ ಕಾರಿನ ನಿಜವಾದ ಗುಣ ತಿಳಿಯುವುದು ನಮ್ಮ ಓಣಿಯಲ್ಲಿ. ನಾವು ಬೇಸಿನ ಹೊರಗೆ ಗುಡ್ಡದ ಮೇಲೆ ಮನೆ ಹಿಡಿದೆವು. ಯೋಕೊಸುಕಾ ಎಂದರೆ ಗುಡ್ಡ, ಮೆಟ್ಟಿಲು, ಸುರಂಗ. ಸಪಾಟಾದ ನೆಲ ಇರುವುದು ಕಡಲ ಪಕ್ಕ ಮಾತ್ರ. ನಮ್ಮ ಓಣಿಯಲ್ಲಿ ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಮುಚ್ಚದ ಚರಂಡಿ, ನಡುವೆ ಒಂದು ವಿದ್ಯುತ್ ಕಂಬ. ಕಂಬದ ಹತ್ತಿರ ಬಂದಾಗ ‘ಕನ್ನಡಿ’ ಅಂತ ಬರೆದ ಗುಂಡಿ ಒತ್ತಬೇಕು. ಎರಡೂ ಕನ್ನಡಿ ಕಿವಿ ಮಡಚಿದ ಹಾಗೆ ಒಳಗೆ ಬರುತ್ತವೆ. ಉಸಿರು ಹಿಡಿದು ಮುಂದೆ ಬಿಟ್ಟರೆ ಆಯಿತು. ಇವರ ಸಹೋದ್ಯೋಗಿಯೊಬ್ಬರು ದೊಡ್ಡ ವ್ಯಾನಿನಲ್ಲಿ ಊಟಕ್ಕೆ ಬಂದರು. ವ್ಯಾನನ್ನು ಕೆಳಗೆ ದುಡ್ಡು ಕೊಟ್ಟು ನಿಲ್ಲಿಸಿ, 112 ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲೇ ಕೂತುಬಿಟ್ಟರು. ಅವತ್ತಿನಿಂದ ಇವರು ಟ್ರಕ್ಕಿನ ಸುದ್ದಿ ಎತ್ತುವುದು ಕಡಿಮೆಯಾಯಿತು.

ಈಗ ಬೈಗುಳ. ಮೊದಲನೆಯದು ಏರು. ಇಬ್ಬರು ಕೂತು, ಎಸಿ ಹಾಕಿ, ನಮ್ಮ ಗುಡ್ಡ ಹತ್ತಿಸಿದರೆ ಕಾರು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತದೆ. ಅರ್ಧ ಏರಿನಲ್ಲಿ ಎಸಿ ಆರಿಸುವುದು ನಮ್ಮ ಮನೆಯ ಪದ್ಧತಿ. ಆಗಸ್ಟಿನ ಸೆಕೆಯಲ್ಲಿ ಅದು ಪದ್ಧತಿ ಅಲ್ಲ, ತಪಸ್ಸು. ಎರಡನೆಯದು ಎಕ್ಸ್‌ಪ್ರೆಸ್ ರಸ್ತೆ. ಯೋಕೊಹಾಮಾ-ಯೋಕೊಸುಕಾ ರಸ್ತೆಗೆ ಇಲ್ಲಿಯವರು ಪ್ರೀತಿಯಿಂದ ಯೋಕೊಯೋಕೊ ಅನ್ನುತ್ತಾರೆ. ಅಲ್ಲಿ 80 ದಾಟಿದರೆ ಮಾತು ಕೇಳಿಸುವುದಿಲ್ಲ, ಪಕ್ಕದಲ್ಲಿ ಲಾರಿ ಹೋದರೆ ಇಡೀ ಕಾರು ಒಂದು ಹೆಜ್ಜೆ ಸರಿಯುತ್ತದೆ. ಇಬ್ಬರಿಗೂ ಜಗಳವಾಗಿದ್ದರೆ ಮಾತ್ರ ಈ ರಸ್ತೆ ಅನುಕೂಲ.

ಮೂರನೆಯದು ಸಾಮಾನು. ಬೇಸಿನ ದಿನಸಿ ಅಂಗಡಿ ಕಮಿಸರಿಯಲ್ಲಿ ಎಲ್ಲವೂ ಅಮೆರಿಕದ ಅಳತೆಯದು. ಅಲ್ಲಿ ಸಾಮಾನು ಚೀಲಕ್ಕೆ ತುಂಬಿ ಕಾರಿನವರೆಗೆ ತಂದುಕೊಡುವ ಬ್ಯಾಗರ್‌ಗಳಿಗೆ ಸಂಬಳ ಇಲ್ಲ, ನಾವು ಕೊಡುವ ಟಿಪ್ಸೇ ದುಡಿಮೆ. ಇದು ಗೊತ್ತಿಲ್ಲದೆ ಮೊದಲ ಸಲ ನಾನು ಬರೀ ಥ್ಯಾಂಕ್ಸ್ ಹೇಳಿ ಹೊರಟಿದ್ದೆ. ಈಗಲೂ ನೆನೆದರೆ ನಾಚಿಕೆ. ನಮ್ಮ ಕಾರು ನೋಡಿದರೆ ಅವರು ಒಂದು ಕ್ಷಣ ನಿಂತು ಲೆಕ್ಕ ಹಾಕುತ್ತಾರೆ. ಬಾಗಿಲು ಪಕ್ಕಕ್ಕೆ ಜಾರುವುದರಿಂದ ಸೀಟು ಮಡಚಿ ಹೇಗೋ ತುಂಬುತ್ತಾರೆ. ಟಾಯ್ಲೆಟ್ ಪೇಪರಿನ ದೊಡ್ಡ ಕಟ್ಟು ಮಾತ್ರ ಪ್ರತಿ ಸಲ ನನ್ನ ಪಕ್ಕದ ಸೀಟಿನಲ್ಲಿ, ಬೆಲ್ಟು ಹಾಕಿಕೊಂಡು ಬರುತ್ತದೆ.

ಬೇಸಿನ ಅಗಲವಾದ ಪಾರ್ಕಿಂಗ್ ಗೆರೆಗಳ ನಡುವೆ ಇದು ಅಪ್ಪನ ಚಪ್ಪಲಿ ಮೆಟ್ಟಿಕೊಂಡ ಮಗುವಿನ ಹಾಗೆ ಕಾಣುತ್ತದೆ. ಬೆಳಿಗ್ಗೆ ಎಂಟಕ್ಕೆ ಧ್ವಜ ಏರಿಸುವಾಗ ಎಲ್ಲ ಕಾರುಗಳೂ ಇದ್ದಲ್ಲೇ ನಿಲ್ಲಬೇಕು. ಮೊದಲು ಅಮೆರಿಕದ ರಾಷ್ಟ್ರಗೀತೆ, ಆಮೇಲೆ ಜಪಾನಿನದು. ಆ ಹೊತ್ತಿನಲ್ಲಿ ರೇಡಿಯೊ ಆರಿಸಿ ಸುಮ್ನೆ ಕೂರುವುದು ನನಗೆ ಹಿಡಿಸಿತು. ಈ ಕಾರಿನ ಹಳೆಯ ಎಎಂ ರೇಡಿಯೊದಲ್ಲಿ 810ಕ್ಕೆ ತಿರುಗಿಸಿದರೆ ಅಮೆರಿಕದ ಸೇನೆಯವರ ಎಎಫ್ಎನ್ ಟೋಕಿಯೊ ಬರುತ್ತದೆ, ಸುರಂಗದಲ್ಲಿ ಮಾತ್ರ ಹೋಗುತ್ತದೆ. ಇಲ್ಲಿ ಸುರಂಗಕ್ಕೇನು ಬರ.

ಜೆಸಿಐ ಮುಗಿಯುವ ಹೊತ್ತಿಗೆ ಇವರು ಸಮುದ್ರದಲ್ಲಿದ್ದರು. ಕಾರು ಇವರ ಹೆಸರಿನಲ್ಲಿದೆ. ಹೊರಡುವ ಮೊದಲು ಬೇಸಿನ ಕಾನೂನು ಕಚೇರಿಯಲ್ಲಿ ಪವರ್ ಆಫ್ ಅಟಾರ್ನಿ ಮಾಡಿಸಿದ್ದರಿಂದ ಬಚಾವಾದೆ. ಅದಕ್ಕೆ ದುಡ್ಡೂ ಇಲ್ಲ. ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ನಾನು ಹೇಳುವುದು ಇದೊಂದೇ: ಸೋಫಾ, ಪರದೆ, ಪಾತ್ರೆ ಎಲ್ಲ ನಿಧಾನವಾಗಿ ಆಗುತ್ತದೆ, ಹಡಗು ಹೊರಡುವ ಮೊದಲು ಆ ಕಾಗದ ಮಾಡಿಸಿಕೊಳ್ಳಿ. ಮೊದಲು ಹೋದ ಗ್ಯಾರೇಜಿನವರು ಬದಲಿಸಬೇಕಾದ ಭಾಗಗಳ ಪಟ್ಟಿ ಕೊಟ್ಟರು, ಕಾರಿಗೆ ಕೊಟ್ಟ ದುಡ್ಡಿಗಿಂತ ಜಾಸ್ತಿ. ಎರಡನೆಯವರು ಕೆಳಗೆ ತೂರಿ ನೋಡಿ, ಎರಡು ಟೈರು ಮತ್ತು ಹರಿದ ಒಂದು ರಬ್ಬರ್ ಕವಚ ಅಂದರು. ಅಷ್ಟಕ್ಕೇ ಪಾಸಾಯಿತು. ನಾನು ಒಬ್ಬಳೇ ನಿಂತು ಮುಗಿಸಿದ ಮೊದಲ ಸರ್ಕಾರಿ ಕೆಲಸ ಅದು. ಸಂಜೆ ಇವರಿಗೆ ಇಮೇಲ್ ಬರೆದೆ. ಉತ್ತರ ನಾಲ್ಕು ದಿನ ಬಿಟ್ಟು ಬಂತು: “ಡೈನೋಸಾರ್ ತೆಗೆದಿಲ್ಲ ತಾನೆ?”

ಹಡಗು ಯಾವಾಗ ಹೊರಟಿತು, ಯಾವಾಗ ಬಂತು ಅಂತ ಬರೆಯುವಂತಿಲ್ಲ. ಹೊರಟ ದಿನ ನಾನು ಹೋದದ್ದು ಕನ್ನೊನ್‌ಜಾಕಿಗೆ, ಬೇಸಿನಿಂದ ಅರ್ಧ ಗಂಟೆ. ಜಪಾನಿನ ಮೊದಲ ಪಾಶ್ಚಾತ್ಯ ಮಾದರಿಯ ದೀಪಸ್ತಂಭ 1869ರಲ್ಲಿ ಹೊತ್ತಿದ್ದು ಅಲ್ಲೇ. ಈಗ ನಿಂತಿರುವುದು ಮೂರನೇ ಸಲ ಕಟ್ಟಿದ್ದು. ಟೋಕಿಯೊ ಕೊಲ್ಲಿಯಿಂದ ಹೊರಗೆ ಹೋಗುವ ಹಡಗುಗಳೆಲ್ಲ ಅದರ ಮುಂದೆಯೇ ಹಾಯುತ್ತವೆ. ಜೆಟ್ಟಿಯಲ್ಲಿ ಕೈ ಬೀಸಿದ್ದು ಸಾಕಾಗಿರಲಿಲ್ಲ. ಗಾಳಿಗೆ ಹೊರಗೆ ನಿಲ್ಲಲಾಗದೆ ಕಾರೊಳಗೇ ಕೂತೆ. ಬೂದು ಬಣ್ಣದ ಹಡಗು ಡೈನೋಸಾರಿನ ಕಿಟಕಿಯಿಂದ ಮುಂದಿನ ಕಿಟಕಿಗೆ ಬರಲು ಹತ್ತು ನಿಮಿಷ ತೆಗೆದುಕೊಂಡಿತು.

ಆಮೇಲಿನ ಭಾನುವಾರಗಳಲ್ಲಿ ನಾನೂ ಕಾರೂ ಊರು ಸುತ್ತಿದೆವು. ಕುರಿಹಾಮಾ, ಅಂದರೆ 1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿಯ ಹಡಗುಗಳಿಂದ ಅಮೆರಿಕದವರು ಇಳಿದ ಜಾಗ. ಮಿಸಾಕಿ ಬಂದರು, ದಾರಿಯ ಎರಡೂ ಕಡೆ ಮೂಲಂಗಿ ಮತ್ತು ಎಲೆಕೋಸಿನ ಹೊಲ. ಹೆದ್ದಾರಿ 134ರಲ್ಲಿ ತಾತೆಇಶಿ ಬಂಡೆಯ ಹತ್ತಿರ ನಿಲ್ಲಿಸಿದರೆ, ಚಳಿಗಾಲದ ತಿಳಿ ಆಕಾಶವಿದ್ದ ದಿನ ನೀರಿನಾಚೆ ಫ್ಯೂಜಿ. ಕಾಫಿ ಹಿಡಿದು ಗೇಟಿನ ಈಚೆ ನಿಲ್ಲುತ್ತಿದ್ದವಳು ಯಾರೋ ಬೇರೆಯವಳು ಅನ್ನಿಸುತ್ತಿತ್ತು.

ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆಯಾಗಿದ್ದು ಏರಿಗೆ. ಇವರು ಮೂರೂವರೆ ಅನ್ನುತ್ತಾರೆ, ಮಂಡಿಯ ಕಾರಣಕ್ಕೆ. ಆರಡಿ ಆಳು. ಇವರಿಲ್ಲದ ತಿಂಗಳುಗಳಲ್ಲಿ ಸೀಟು ನನ್ನ ಅಳತೆಗೆ ಮುಂದೆಯೇ ಇರುತ್ತದೆ. ಬಂದ ದಿನ ಮರೆತು ಹಾಗೇ ಒಳಗೆ ತೂರಿ, ಸ್ಟೀರಿಂಗ್‌ಗೆ ಮಂಡಿ ಹೊಡೆದುಕೊಂಡು, “ಅಯ್ಯೋ” ಅಂದರು. ಹಿಂದೆಯೇ ಅವಳು ಇಟಿಸಿ ಕಾರ್ಡ್ ಹಾಕಿಲ್ಲ ಅಂದಳು.

ಮುಂದಿನ ವರ್ಷ ನಮ್ಮ ಸರದಿ, ನಾವೂ ಚೀಟಿ ಅಂಟಿಸುತ್ತೇವೆ. ಜೆಸಿಐ ಇನ್ನೂ ಉಳಿದಿರುತ್ತದೆ. ಟೇಪುಗಳ ಅಕ್ಷರ ಮಾಸಿತ್ತು, ಹೊಸ ಪೆನ್ನಿನಲ್ಲಿ ತಿದ್ದಿದ್ದೇನೆ. ‘ಬೇಡ’ ಅನ್ನುವ ಗುಂಡಿಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.