ಕುಡಿತ ಬಿಟ್ಟವರಿಗೆ ‘ಸಪೋರ್ಟ್ ನಾಯಿ’ ಮಾರುವವರಿದ್ದಾರೆ, ಹುಷಾರು

ನಿಮ್ಮ ಮನೆಯವರು ಯಾರಾದರೂ ಈಚೆಗೆ ಡಿ-ಅಡಿಕ್ಷನ್ ಸೆಂಟರಿನಿಂದ ವಾಪಸ್ ಬಂದಿದ್ದರೆ ಇದನ್ನು ಪೂರ್ತಿ ಓದಿ. ‘ಎಮೋಷನಲ್ ಸಪೋರ್ಟ್ ಅನಿಮಲ್’ (ಮನಸ್ಸಿಗೆ ಆಸರೆಯಾಗಿ ಜೊತೆಗಿರುವ ಪ್ರಾಣಿ) ಅಂತ ಹೇಳಿ ಸರ್ಟಿಫಿಕೇಟ್ ಸಮೇತ ನಾಯಿಮರಿ ಮಾರುವ ದಂಧೆಯೊಂದಿದೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಆ ಬಲೆಗೆ ಬಿದ್ದ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. “ನನ್ನ ಹೆಸರೊಂದು ಬೇಡ ಅಕ್ಕ, ಮಿಕ್ಕಿದ್ದೆಲ್ಲ ಬರಿ” ಅಂದ.

ಡಿಸ್ಚಾರ್ಜ್ ಆಗುವ ದಿನ ಸೆಂಟರಿನ ಕೌನ್ಸೆಲರ್ ಒಬ್ಬರು ಅವನ ಕೈಗೆ ಒಂದು ಫೋನ್ ನಂಬರ್ ಕೊಟ್ಟರು. ಒಬ್ಬನೇ ಇರುವವನು, ಸಂಜೆ ಹೊತ್ತು ಕಷ್ಟ ಆಗುತ್ತೆ, ಜೊತೆಗೆ ಒಂದು ಜೀವ ಇದ್ದರೆ ಒಳ್ಳೇದು ಅಂತ. ಮಾತು ಸುಳ್ಳಲ್ಲ. ಸಂಜೆ ಆರರಿಂದ ಹತ್ತರವರೆಗೆ ಏನು ಮಾಡೋದು ಅನ್ನೋದೇ ಕುಡಿತ ಬಿಟ್ಟವರ ದೊಡ್ಡ ಪ್ರಶ್ನೆ. ಆ ನಂಬರಿಗೆ ಫೋನ್ ಮಾಡಿದರೆ ತುಂಬಾ ನಯವಾಗಿ ಮಾತಾಡುವ ಒಬ್ಬರು. ವಾಟ್ಸಾಪಿನಲ್ಲಿ ಒಂದು ಫಾರಂ ಕಳಿಸಿದರು. ನಿದ್ದೆ ಬರುತ್ತಾ, ಒಂಟಿತನ ಅನ್ನಿಸುತ್ತಾ, ಇಂಥ ಪ್ರಶ್ನೆಗಳು. ಆಮೇಲೆ ‘ಸೈಕಾಲಜಿಸ್ಟ್’ ಜೊತೆ ಒಂದು ವೀಡಿಯೊ ಕಾಲ್. ಕಾಫಿ ಕುಡಿದು ಮುಗಿಸುವಷ್ಟು ಹೊತ್ತೂ ನಡೆಯಲಿಲ್ಲ. ಬೀಗಲ್ ಮರಿಗೆ 28 ಸಾವಿರ, ‘ಸರ್ಟಿಫಿಕೇಶನ್’ಗೆ ಬೇರೆ 12 ಸಾವಿರ.

ಆ 12 ಸಾವಿರಕ್ಕೆ ಬಂದದ್ದು ನಾಯಿಗೆ ಹಾಕುವ ಒಂದು ಕೆಂಪು ಜಾಕೆಟ್ಟು, ಕುತ್ತಿಗೆಗೆ ಕಟ್ಟುವ ಲ್ಯಾಮಿನೇಟ್ ಕಾರ್ಡು, ಜೊತೆಗೊಂದು ಪತ್ರ. ಇದನ್ನು ತೋರಿಸಿದರೆ ಮನೆ ಓನರ್ ಬೇಡ ಅನ್ನುವ ಹಾಗಿಲ್ಲ, ವಿಮಾನದಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ಹೋಗಬಹುದು, ಆಫೀಸಿನವರೂ ಬಿಡಲೇಬೇಕು ಅಂತ ಭರವಸೆ. ತಮ್ಮ ಪತ್ರವನ್ನು ಓನರ್ ಅಂಕಲ್‌ಗೆ ಕೊಟ್ಟ. ಅವರು ನಿಧಾನವಾಗಿ ಓದಿ, “ಇದೇನಪ್ಪಾ, ಫೇರ್ ಹೌಸಿಂಗ್ ಆಕ್ಟ್ ಅಂತ ಬರೆದಿದೆ? ಇದು ಅಮೆರಿಕದ್ದಲ್ವಾ?” ಅಂದರು. ಅವರ ಮಗಳು ಅಲ್ಲೇ ಇರೋದು, ಹಾಗಾಗಿ ಅವರಿಗೆ ಗೊತ್ತಿತ್ತು. ಅಮೆರಿಕದ ಪತ್ರದ ನಮೂನೆಗೆ ಇವನ ಹೆಸರು ತುಂಬಿಸಿ ಕಳಿಸಿದ್ದರು, ಅಷ್ಟೇ. ಕಾಯ್ದೆಯ ಹೆಸರು ಬದಲಾಯಿಸುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ!

ಆಮೇಲೆ ನಾನು ಕೂತು ಇದನ್ನೆಲ್ಲ ವಿಚಾರಿಸಿದೆ. ಭಾರತದ ಕಾನೂನಿನಲ್ಲಿ ‘ಎಮೋಷನಲ್ ಸಪೋರ್ಟ್ ಅನಿಮಲ್’ ಅನ್ನುವ ವರ್ಗವೇ ಇಲ್ಲ. ನೋಂದಣಿ ಇಲ್ಲ, ಸರ್ಕಾರಿ ಕಾರ್ಡೂ ಇಲ್ಲ. ಅಮೆರಿಕದಲ್ಲೂ ಸರ್ಕಾರ ಇಂಥ ರಿಜಿಸ್ಟ್ರಿ ಇಟ್ಟಿಲ್ಲ. ಅಲ್ಲಿ ಬಾಡಿಗೆ ಮನೆ ವಿಷಯದಲ್ಲಿ, ನಿಮಗೆ ನಿಜವಾಗಿ ಚಿಕಿತ್ಸೆ ಕೊಡುತ್ತಿರುವವರು ಬರೆದ ಪತ್ರಕ್ಕೆ ಬೆಲೆ ಇದೆ, ಆನ್‌ಲೈನಿನಲ್ಲಿ ಕೊಂಡ ಸರ್ಟಿಫಿಕೇಟಿಗಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ 2022ರಿಂದ, ಪತ್ರ ಬರೆಯುವವರು ಆ ವ್ಯಕ್ತಿಯನ್ನು ಕನಿಷ್ಠ 30 ದಿನದಿಂದ ನೋಡುತ್ತಿರಬೇಕು ಅನ್ನುವ ಕಾನೂನು ಬಂದಿದೆ. ಇನ್ನು ವಿಮಾನದ ಮಾತು. 2021ರ ಜನವರಿಯಿಂದ ಅಲ್ಲಿನ ವಿಮಾನ ಕಂಪನಿಗಳು ಇವುಗಳನ್ನು ಮಾಮೂಲಿ ಸಾಕುಪ್ರಾಣಿ ಅಂತಲೇ ಲೆಕ್ಕ ಹಾಕಬಹುದು. ಅಲ್ಲೇ ನಡೆಯದ ಕಾಗದವನ್ನು ಇಲ್ಲಿ ಮಾರುತ್ತಿದ್ದಾರೆ.

ಇನ್ನೊಂದು ತಮಾಷೆ ಕೇಳಿ. ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕಲು ಇದು ಯಾವುದೂ ಬೇಕಾಗಿಲ್ಲ. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ಅಸೋಸಿಯೇಷನ್ನಿನವರು ಬಹುಮತ ಮಾಡಿಕೊಂಡರೂ ಸಾಕುನಾಯಿ ಬೇಡ ಅನ್ನುವ ಹಾಗಿಲ್ಲ. ಬಾಡಿಗೆ ಮನೆಯಾದರೆ ಅಗ್ರಿಮೆಂಟಿನಲ್ಲಿ ಏನಿದೆ ನೋಡಿ, ಓನರ್ ಜೊತೆ ಬಾಯಿಬಿಟ್ಟು ಮಾತಾಡಿ. ನಮ್ಮ ಓನರ್ ಅಂಕಲ್ ಕೊನೆಗೆ, “ಮರಿ ಇಟ್ಕೊಳಪ್ಪಾ, ಕಾಗದ ಎತ್ತಿಡು” ಅಂದರು. 12 ಸಾವಿರ ಕೊಟ್ಟು ಕೊಂಡಿದ್ದು ಪುಕ್ಕಟೆ ಸಿಕ್ಕಿತು.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ನಾಗುತ್ತಿದ್ದೆವು.

ಮರಿ ಬಂದಾಗಲೇ ತುಂಬಾ ಸಣ್ಣದಿತ್ತು. ಎರಡೂವರೆ ತಿಂಗಳು ಅಂತ ಹೇಳಿ ಕೊಟ್ಟಿದ್ದರು. ವೆಟ್ ಡಾಕ್ಟರು ಬಾಯಿ ತೆರೆದು ಹಲ್ಲು ನೋಡಿ, ಆರು ವಾರ ಇದ್ದರೆ ಹೆಚ್ಚು ಅಂದರು. 2017ರಲ್ಲಿ ಬಂದ ನಾಯಿ ತಳಿ ಮತ್ತು ಮಾರಾಟದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಬ್ರೀಡರ್ ಆದವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಇವರ ಹತ್ತಿರ ಅದೂ ಇರಲಿಲ್ಲ. ಲಸಿಕೆ ಪುಸ್ತಕದಲ್ಲಿ ಸ್ಟಿಕ್ಕರ್ ಅಂಟಿಸಿತ್ತು, ಡಾಕ್ಟರ ಸಹಿಯೂ ಇಲ್ಲ, ಸೀಲೂ ಇಲ್ಲ. ಮರಿ ತರುವವರು ದಯವಿಟ್ಟು ಈ ಪುಸ್ತಕವನ್ನು ಮೊದಲು ನೋಡಿ.

ಮನೆಗೆ ಬಂದ ವಾರದೊಳಗೆ ವಾಂತಿ, ಆಮೇಲೆ ರಕ್ತ ಬೆರೆತ ಭೇದಿ. ಪಾರ್ವೊ, ನಾಯಿಮರಿಗಳ ಜೀವ ತೆಗೆಯುವ ವೈರಸ್ ಕಾಯಿಲೆ. ತಮ್ಮ ಕೆಲಸಕ್ಕೆ ರಜೆ ಹಾಕಿ ಡ್ರಿಪ್ ಹಾಕಿಸಲು ದಿನಾ ಕ್ಲಿನಿಕ್ಕಿಗೆ ಹೊತ್ತುಕೊಂಡು ಹೋದ. ರಾತ್ರಿಯೆಲ್ಲ ನೆಲ ಒರೆಸುತ್ತಾ ಕೂತ. ಮರಿ ಉಳಿಯಲಿಲ್ಲ.

ಮಾರಿದವನಿಗೆ ವಿಷಯ ಹೇಳಿದರೆ, “ಸರ್, ರಿಪ್ಲೇಸ್‌ಮೆಂಟ್ ಕೊಡ್ತೀವಿ, ಅರ್ಧ ರೇಟು” ಅಂದ. ಮಿಕ್ಸಿ ಕೆಟ್ಟ ಹಾಗೆ! ಪಾರ್ವೊ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆ ಪೂರ್ತಿ ಆಗದ ಇನ್ನೊಂದು ಮರಿಯನ್ನು ಅದೇ ಮನೆಗೆ ತಂದಿದ್ದರೆ ಅದೂ ಸಾಯುವ ಸಾಧ್ಯತೆಯೇ ಜಾಸ್ತಿ ಇತ್ತು. ವೆಟ್ ಡಾಕ್ಟರು ಹೇಳದೆ ಹೋಗಿದ್ದರೆ ನಮಗೆ ಇದು ಗೊತ್ತಾಗುತ್ತಿರಲಿಲ್ಲ.

ಆ ವಾರ ತಮ್ಮ ಕುಡಿದ. ಕುಡಿತ ಬಿಟ್ಟವರು ಒಟ್ಟಿಗೆ ಸೇರುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗುಗಳಲ್ಲಿ ಒಂದು ಮಾತು ಹೇಳುತ್ತಾರೆ: ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರ ಬಗ್ಗೆ ಎಚ್ಚರ ಇರಲಿ ಅಂತ. ನಾಲ್ಕೂ ಒಟ್ಟಿಗೆ ಬಂದಿದ್ದವು, ಅದರ ಮೇಲೆ ‘ನನ್ನ ಕೈಯಲ್ಲಿ ಒಂದು ಮರೀನೂ ಉಳಿಯಲ್ಲ’ ಅನ್ನುವ ಕೊರಗು. ಮಾರನೇ ದಿನ ಅವನೇ 14416ಕ್ಕೆ ಫೋನ್ ಮಾಡಿದ. ಅದು ಸರ್ಕಾರದ ಟೆಲಿ-ಮಾನಸ್, 24 ಗಂಟೆಯೂ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅದು ಬಿಟ್ಟರೆ ವ್ಯಸನದ ವಿಷಯಕ್ಕೆಂದೇ 14446 ಇದೆ. ಅಲ್ಲಿಂದ ಆಸ್ಪತ್ರೆಯ ಫಾಲೋಅಪ್, ಮಾತ್ರೆ ಮತ್ತೆ ಶುರುವಾಯಿತು. ಬೆಂಗಳೂರಿನ ಸುತ್ತಮುತ್ತ ಇರುವವರಿಗೆ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರ ಇದೆ.

ಹಾಗಂತ ನಾಯಿ ಸಾಕಬೇಡಿ ಅಂತ ನಾನು ಹೇಳುತ್ತಿಲ್ಲ. ಬೆಳಗ್ಗೆ ಏಳಲೇಬೇಕು, ವಾಕಿಂಗ್ ಹೋಗಲೇಬೇಕು, ಹೊತ್ತಿಗೆ ಸರಿಯಾಗಿ ಊಟ ಹಾಕಲೇಬೇಕು ಅನ್ನುವ ಶಿಸ್ತು ಎಷ್ಟೋ ಜನಕ್ಕೆ ಆಸರೆ ಆಗಿದೆ. ಆದರೆ ಬಿಟ್ಟ ಹೊಸತರಲ್ಲಿ ನಿದ್ದೆಯೇ ನೆಟ್ಟಗಿರುವುದಿಲ್ಲ. ಮರಿ ಅಂದರೆ ರಾತ್ರಿ ಎರಡು ಮೂರು ಸಲ ಏಳಿಸುವ ಕೂಸು. ತಮ್ಮನ ಡಾಕ್ಟರು ಅದನ್ನೇ ಹೇಳಿದರು: ಮೊದಲು ನಿದ್ದೆ, ಮಾತ್ರೆ, ಮೀಟಿಂಗು ಒಂದು ಹದಕ್ಕೆ ಬರಲಿ, ಅಷ್ಟೊತ್ತಿಗೂ ಆಸೆ ಇದ್ದರೆ ಬೆಳೆದ ನಾಯಿಯನ್ನು ದತ್ತು ತಗೊಳ್ಳಿ. ಈಗ ಅವನು ಕೆಳಗಿನ ಮನೆಯವರ ಲ್ಯಾಬ್ರಡಾರನ್ನು ಸಂಜೆ ವಾಕಿಂಗ್ ಕರೆದುಕೊಂಡು ಹೋಗುತ್ತಾನೆ. ಅದಕ್ಕೆ ಜಾಕೆಟ್ಟಿಲ್ಲ, ಕಾರ್ಡಿಲ್ಲ, ಒಂದು ಪೈಸೆ ಖರ್ಚಿಲ್ಲ.

ನೋವಿನ ಮಾತ್ರೆ, ನಿದ್ದೆ ಮಾತ್ರೆಯ ಚಟ ಬಿಟ್ಟವರ ಮನೆಯವರಿಗೆ ಮಾತ್ರ ಇನ್ನೊಂದು ಎಚ್ಚರಿಕೆ. ಆಪರೇಷನ್ ಆದ ನಾಯಿಗೆ ಟ್ರಾಮಡಾಲ್, ಫಿಟ್ಸ್ ಬರುವ ನಾಯಿಗೆ ಫೀನೋಬಾರ್ಬಿಟಾಲ್ ಬರೆದುಕೊಡುವುದುಂಟು. ಎರಡೂ ಮನುಷ್ಯರಿಗೆ ಚಟ ಹಿಡಿಸುವ ಔಷಧಿಗಳೇ. ವೆಟ್ ಡಾಕ್ಟರಿಗೆ ಮುಂಚೆಯೇ ವಿಷಯ ತಿಳಿಸಿ, ಔಷಧಿ ಇನ್ನೊಬ್ಬರ ಕೈಯಲ್ಲಿರಲಿ.

ಮತ್ತೆ, ಯಾರಾದರೂ ‘ಸೈಕಾಲಜಿಸ್ಟ್’ ಅಂತ ಪತ್ರ ಕೊಟ್ಟರೆ ನೋಂದಣಿ ಸಂಖ್ಯೆ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನಂಬರ್ ಇರುತ್ತದೆ. ನಮ್ಮ ಪತ್ರದಲ್ಲಿ ಸಹಿಯ ಕೆಳಗೆ ಹೆಸರು ಬಿಟ್ಟರೆ ಏನೂ ಇರಲಿಲ್ಲ. ಸೆಂಟರಿನಿಂದಲೇ ಬಂದ ಫೋನ್ ನಂಬರ್ ಅಂತ ತಮ್ಮ ಇದನ್ನೆಲ್ಲ ಕೇಳಲು ಹೋಗಿರಲಿಲ್ಲ. ಚಿಕಿತ್ಸೆ ಕೊಟ್ಟ ಜಾಗದವರು ಹೇಳಿದರೆ ಯಾರಾದರೂ ನಂಬುತ್ತಾರೆ, ಇವರ ವ್ಯಾಪಾರ ನಡೆಯುವುದೇ ಆ ನಂಬಿಕೆಯ ಮೇಲೆ.

ನಾವು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತಿದ್ದೇವೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ಎರಡು ವರ್ಷದೊಳಗೆ ದೂರು ಕೊಟ್ಟರೆ ಸಾಕು. ನಿಮಗೂ ಹೀಗಾಗಿದ್ದರೆ ಮೊದಲು ವಾಟ್ಸಾಪ್ ಚಾಟಿನ ಸ್ಕ್ರೀನ್‌ಶಾಟ್ ತೆಗೆದಿಡಿ. ನಮಗೆ ಕಳಿಸಿದ್ದ ಭರವಸೆಗಳನ್ನೆಲ್ಲ ಮಾರಿದವನು ಆಮೇಲೆ ಅಳಿಸಿಬಿಟ್ಟ. ಈಗ ನಮ್ಮ ಹತ್ತಿರ ಇರೋದು ಯುಪಿಐ ರಸೀದಿ, ಲಸಿಕೆ ಪುಸ್ತಕ, ವೆಟ್ ಡಾಕ್ಟರು ಬರೆದುಕೊಟ್ಟ ವರದಿ, ಮತ್ತೆ ಆ ಫೇರ್ ಹೌಸಿಂಗ್ ಆಕ್ಟಿನ ಪತ್ರ. ವಕೀಲರು ಅದನ್ನೇ ಮೊದಲ ಪುಟಕ್ಕೆ ಇಟ್ಟಿದ್ದಾರೆ.