ಫ್ರೈಡ್ ಚಿಕನ್ ಜೊತೆ ಯಾವ ವೈನ್: ಕಾವಾನಾ, ರೀಸ್ಲಿಂಗಾ, ಜಿನ್‌ಫಾಂಡೆಲ್ಲಾ?
ಅಮೆರಿಕದ ದಕ್ಷಿಣ ರಾಜ್ಯಗಳ ಮನೆಯಡುಗೆ ಅಂದರೆ ಮೊದಲು ಫ್ರೈಡ್ ಚಿಕನ್. ಅದಕ್ಕೆ ನನ್ನ ಆಯ್ಕೆ ಸ್ಪೇನಿನ ಗುಳ್ಳೆ ಏಳುವ ವೈನ್ ಕಾವಾ, ಅದರಲ್ಲೂ ಸಿಹಿ ಕಡಿಮೆ ಇರುವ ಬ್ರೂಟ್ ಬಗೆಯದು. ಮಜ್ಜಿಗೆಯಲ್ಲಿ ನೆನೆಸಿ, ಹಿಟ್ಟಿನಲ್ಲಿ ಹೊರಳಿಸಿ ಕರಿದ ಆ ಗರಿಗರಿ ತುಂಡು ಕಚ್ಚಿದರೆ ತುಟಿಗೆಲ್ಲ ಜಿಡ್ಡು ಹತ್ತುತ್ತದೆ ಅಲ್ವಾ, ಆಗ ಒಂದು ಗುಟುಕು ತಣ್ಣನೆಯ ಕಾವಾ ಕುಡಿದು ನೋಡಿ, ಅದರ ಹುಳಿ, ಗುಳ್ಳೆ ಎರಡೂ ಸೇರಿ ನಾಲಿಗೆ ತೊಳೆದಂತಾಗುತ್ತದೆ. ಶಾಂಪೇನ್‌ಗೆ ಸುಮ್ನೆ ಜಾಸ್ತಿ ದುಡ್ಡು ಸುರಿಯಬೇಡಿ.

ಅಮೆರಿಕದ ನ್ಯಾಶ್‌ವಿಲ್ ನಗರದ ಥರ ಮೆಣಸಿನಪುಡಿ ಎಣ್ಣೆ ಬಳಿದ ಖಾರದ ಚಿಕನ್ ಆದರೆ ಮಾತ್ರ ಸ್ವಲ್ಪ ಸಿಹಿಯ ಬಿಳಿ ವೈನ್ ರೀಸ್ಲಿಂಗೇ ವಾಸಿ, ಉರಿ ತಗ್ಗುತ್ತದೆ. ಕೆಂಪು ವೈನ್ ಜಿನ್‌ಫಾಂಡೆಲ್‌ನಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಶೇ. 14-15, ಖಾರದ ಜೊತೆ ಬಾಯಿ ಇನ್ನಷ್ಟು ಉರಿಯುತ್ತದೆ. ಅದನ್ನು ಸಿಹಿ ಸಾಸ್ ಹಚ್ಚಿದ ಹಂದಿ ಪಕ್ಕೆಲುಬಿಗೆ ಇಟ್ಟುಕೊಳ್ಳಿ.